ಹನ್ನೊಂದು ದಿನ ಹೆಸರಿಲ್ಲದ ಹಾಡು

ಟಿಣ್ ಎಂದಿತು.

ಹೆಡ್‌ಫೋನಿನ ಒಳಗೆ ಮಾತ್ರ ಕೇಳುವ ಸದ್ದು. ಕಳಿಸಿದ್ದು ಆಚೆ ತಲುಪಿತು ಎಂದು ಕಂಪ್ಯೂಟರು ತಿಳಿಸುವ ರೀತಿ ಅದು. ಹೊಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೂತವರಿಗೆ ಸದ್ದಿಗೇನೂ ಬರವಿಲ್ಲ. ಬಸ್ಸುಗಳ ಹಾರನ್ನು, ಹೂವಿನವರ ಕೂಗು, ಪ್ರಿಂಟರಿನ ಕರಕರ, ಅಂಗಡಿಯ ಯಜಮಾನ ಮಾದೇಶನ ಫೋನು. ಅವೆಲ್ಲ ಇನ್ನಾರಿಗೋ ಹುಟ್ಟಿದ ಸದ್ದುಗಳು. ಅವುಗಳ ನಡುವೆ ತನಗೆಂದೇ ಹುಟ್ಟುವುದು ಇದೊಂದು ಎಂದು ನಾಗವೇಣಿಗೆ ಅನ್ನಿಸುತ್ತಿತ್ತು. ಹಾಡು ಕಳಿಸುವ ದಿನ ಅದು ಕೇಳಿದ ಮೇಲೆಯೇ ಅವಳು ಊಟದ ಡಬ್ಬಿ ತೆರೆಯುವುದು.

ಆ ಮಂಗಳವಾರವೂ ತೆರೆದಳು. ಅನ್ನ, ಹುರುಳಿ ಸಾರು, ಅಂಚಿನಲ್ಲಿ ಚೂರು ಉಪ್ಪಿನಕಾಯಿ. ಟಿಣ್ ಎನ್ನುವ ಮೊದಲು ಪರದೆಯ ಮೇಲೆ ಒಂದು ಪ್ರಶ್ನೆ ಬಂದಿತ್ತು, ತಾನು ಅದಕ್ಕೆ ಹೂಂ ಎಂದಿದ್ದೆ ಎಂಬುದು ಅವಳಿಗೆ ನೆನಪೂ ಇರಲಿಲ್ಲ.

ನಾಗವೇಣಿಗೆ ಈಗ ಐವತ್ತೊಂದು. ಉದ್ದನಪಲ್ಲಿಯಲ್ಲಿ ಹುಟ್ಟಿ, ರಾಯಕೋಟೆಯ ಒಂದು ಮಹಡಿಯ ಮೇಲೆ ತಮಿಳು, ಇಂಗ್ಲಿಷು ಎರಡೂ ಟೈಪಿಂಗ್ ಕಲಿತು, ಕುಮಾರೇಶನನ್ನು ಮದುವೆಯಾಗಿ ಹೊಸೂರಿಗೆ ಬಂದವಳು. ಕುಮಾರೇಶ ಲಾರಿ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಕಡೆ ಇದ್ದ. ಎಂಟು ವರ್ಷದ ಹಿಂದೆ ಒಂದು ಬೆಳಗ್ಗೆ ಶಿಫ್ಟಿಗೆ ಹೊರಟವನು, ಶೂ ದಾರ ಕಟ್ಟಲು ಬಾಗಿದ. ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಸಾಲುಮನೆಯ ಹೆಂಗಸರು ಬಂದು ಅವಳ ಕೈ ಹಿಡಿದು ಕೂತರು. ಒಬ್ಬಾಕೆ ತಮಿಳಿನಲ್ಲಿ, ಒಬ್ಬಾಕೆ ತೆಲುಗಿನಲ್ಲಿ ಸಮಾಧಾನ ಹೇಳಿದಳು. ಒಳ್ಳೆಯವರು. ಆದರೆ ಹಾಡಿಕೊಂಡು ಅಳುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಹಳ್ಳಿಗಳಲ್ಲಿ ಅಂಥ ಒಬ್ಬಳು ಇರುತ್ತಾಳೆ. ಹೆಣದ ತಲೆಯ ಹತ್ತಿರ ಕೂತು, ಸತ್ತವರ ಬದುಕನ್ನು ಅಲ್ಲೇ ಪದ ಕಟ್ಟಿ ಹಾಡುತ್ತಾಳೆ. ಅವಳ ರಾಗ ಹಿಡಿದು ಉಳಿದವರ ಅಳು ಹೊರಗೆ ಬರುತ್ತದೆ, ಹಗ್ಗ ಹಿಡಿದು ಬಾವಿಯಿಂದ ಕೊಡ ಬರುವ ಹಾಗೆ. ಉದ್ದನಪಲ್ಲಿಯ ನೆಂಟರು ಬಸ್ಸಿಳಿದು ಬರುವಷ್ಟರಲ್ಲಿ ವ್ಯಾನು ಸ್ಮಶಾನಕ್ಕೆ ಹೊರಟಾಗಿತ್ತು. ನಾಗವೇಣಿಗೆ ಆವತ್ತು ಅಳು ಬರಲಿಲ್ಲ. ನಾಳೆ ಬರಬಹುದು ಎಂದುಕೊಂಡಳು. ಎಂಟು ವರ್ಷವಾಯಿತು.

ಮಾದೇಶನ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುವುದು ಅವಳ ಕೆಲಸ. ಕಾರ್ಡು ಬೇಕೆಂದು ಅಲ್ಲಿಗೆ ಬಂದವರಲ್ಲಿ ಭೈರೇಶ್ ಎಂಬುವರೊಬ್ಬರು. ತುಮಕೂರು ಕಡೆಯವರು, ಕಾರ್ಖಾನೆಯೊಂದರಲ್ಲಿ ಅಧಿಕಾರಿ. ಸಾವಿನ ಮನೆಯ ಹಾಡುಗಳನ್ನು ಕೂಡಿಡಬೇಕೆಂದು ತಾವೇ ಒಂದು ವೆಬ್‌ಸೈಟು ಕಟ್ಟಿದ್ದರು. ಅಂಚೆಟ್ಟಿ ಕಾಡಿನಂಚಿನ ಹಟ್ಟಿಗಳಿಗೆ ಹೋಗಿ ಬರಲು ಅವರಿಗೆ ಬಿಡುವಿಲ್ಲ. ಹೋದರೂ ಹೆಂಗಸರ ಗುಂಪಿನ ನಡುವೆ ಕೂರುವಂತಿಲ್ಲ. ನಾಗವೇಣಿ ತಾನು ಹೋಗುತ್ತೇನೆ ಎಂದಳು. ಯಾಕೆ ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕಳಿಸುವ ತಂತ್ರಾಂಶವನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಕಲಿಸಿದ್ದರು. ಪರದೆ ಎರಡು ಭಾಗ. ಎಡಗಡೆ ಇರುವುದು ಈ ಕಂಪ್ಯೂಟರು. ಬಲಗಡೆ ಇರುವುದು ಎಲ್ಲೋ ದೂರದಲ್ಲಿರುವ ಇನ್ನೊಂದು, ವೆಬ್‌ಸೈಟಿನ ಮನೆ. ವಿಳಾಸ, ಹೆಸರು, ಗುಟ್ಟಿನ ಪದ ಕೊಟ್ಟರೆ ಬಾಗಿಲು ತೆರೆಯುತ್ತದೆ. ಎಡಗಡೆಯ ಫೈಲನ್ನು ಹಿಡಿದು ಬಲಗಡೆಗೆ ಎಳೆದು ಬಿಟ್ಟರೆ ಕೆಳಗೆ ಒಂದು ಹಸಿರು ಗೆರೆ ತುಂಬುತ್ತಾ ಹೋಗುತ್ತದೆ. ಆಮೇಲೆ ಟಿಣ್.

"ಹೊಳೆ ದಾಟಿಸ್ದಂಗೆ ಅಲ್ವಾ ಸಾರ್," ಎಂದಿದ್ದಳು ನಾಗವೇಣಿ.

"ಹಾಗೇ ಅಂದ್ಕೊಳ್ಳಿ. ಆದ್ರೆ ಈ ದಡದಲ್ಲೂ ಒಂದು ಪ್ರತಿ ಇಟ್ಕೊಂಡಿರಿ," ಎಂದಿದ್ದರು ಭೈರೇಶ್. ಆರು ತಿಂಗಳಲ್ಲಿ ಅವರಿಗೆ ಪುಣೆಗೆ ವರ್ಗವಾಯಿತು. ವೆಬ್‌ಸೈಟು ಅವಳ ಕೈಯಲ್ಲಿ ಉಳಿಯಿತು.

ಈ ದಡದಲ್ಲಿ ಪ್ರತಿ ಇಟ್ಟುಕೊಳ್ಳಲು ಮಾದೇಶ ಬಿಡಲಿಲ್ಲ. ಅವನಿಗೆ ನಾಗವೇಣಿಯ ಮೇಲೆ ಗೌರವವಿತ್ತು, ಅಂಗಡಿಯ ಮೇಲೆ ಭಯವಿತ್ತು.

"ಅಕ್ಕಾ, ಬೇಜಾರ್ ಮಾಡ್ಕೋಬೇಡ. ಇದು ಲಗ್ನಪತ್ರಿಕೆ ಅಂಗಡಿ. ಮದುವೆ ಹೆಣ್ಣಿನ ಹೆಸರು ಇರೋ ಕಂಪ್ಯೂಟರ್ ಪೆಟ್ಟಿಗೇಲೇ ಸಾವಿನ ಹಾಡು ರಾತ್ರಿಯೆಲ್ಲ ಮಲ್ಗಿರ್ತದೆ ಅಂದ್ರೆ ಯಾರು ಬತ್ತಾರೆ ನಮ್ ಅಂಗಡೀಗೆ? ಮಧ್ಯಾಹ್ನ ಊಟದ ಒತ್ನಾಗೆ ಏನ್ ಬೇಕಾದ್ರೂ ಮಾಡ್ಕೋ. ಕಿವೀಗೆ ಹಾಕ್ಕೊಂಡು ಕೇಳು. ಸಾಯಂಕಾಲ ಬಾಗ್ಲಾಕೋ ಒತ್ಗೆ ಪೆಟ್ಟಿಗೆ ಚೊಕ್ಕಟವಾಗಿರ್ಬೇಕು."

"ಪೆಟ್ಟಿಗೇಗೆ ಏನ್ ಗೊತ್ತಾಗ್ತದೆ ಮಾದೇಶ?"

"ಪೆಟ್ಟಿಗೇಗೆ ಗೊತ್ತಾಗಲ್ಲ. ನಮ್ಮವ್ವನ್ಗೆ ಗೊತ್ತಾಗ್ತದೆ. ಅವ್ಳು ಈ ಅಂಗಡಿ ಮೆಟ್ಲತ್ತಲ್ಲ ಆಮೇಲೆ."

ಅವಳು ನಕ್ಕು ಒಪ್ಪಿಕೊಂಡಳು. ಆವತ್ತಿನಿಂದ ಹಾಡು ಕಳಿಸಿದ ದಿನ ಅಂಗಡಿ ಮುಚ್ಚುವ ಮೊದಲು ಎಡಗಡೆಯದನ್ನು ಅಳಿಸುತ್ತಿದ್ದಳು. ಅವಳ ಫೋನಿನಲ್ಲಿ ಜಾಗ ಕಡಿಮೆ, ಅದರಲ್ಲಿದ್ದದ್ದನ್ನೂ ಅಳಿಸುತ್ತಿದ್ದಳು. ಆಚೆ ದಡದಲ್ಲಿ ಇದೆಯಲ್ಲ, ಅಲ್ಲಿ ಯಾರೂ ಮುಟ್ಟುವುದಿಲ್ಲ ಎಂಬ ಧೈರ್ಯ.

ಇನ್ನೊಂದು ಕಟ್ಟಳೆ ಪಿಳ್ಳಮ್ಮನದು.

ಪಿಳ್ಳಮ್ಮ ಅಂಚೆಟ್ಟಿಯಿಂದಾಚೆ ಒಂದೂವರೆ ಗಂಟೆ ನಡೆದರೆ ಸಿಗುವ ಮೇಗಲಹಟ್ಟಿಯವಳು. ಎಪ್ಪತ್ತು ದಾಟಿದ ಸಣ್ಣ ಜೀವ, ರಾಗಿ ಹೊಲದ ಬೆದರುಬೊಂಬೆಯಷ್ಟೇ ಮೈ. ಬಾಯಿ ತೆರೆದರೆ ಮಾತ್ರ ಆ ಮೈಯೊಳಗೆ ಇಷ್ಟು ಗಾಳಿ ಎಲ್ಲಿ ಅಡಗಿತ್ತು ಎನ್ನಿಸುತ್ತದೆ. ಫೋನಿನಲ್ಲಿ ಹಿಡಿದುಕೊಳ್ಳಲು ಅವಳು ಬೇಡವೆನ್ನಲಿಲ್ಲ. ಕಟ್ಟಳೆ ಮಾತ್ರ ಹೇಳಿದಳು.

"ಹನ್ನೊಂದು ದಿನ ಆಗೋಗಂಟ ಹಾಡಿಗೆ ಸತ್ತೋರ ಹೆಸರಿಕ್ಬ್ಯಾಡ ಕಣಮ್ಮಿ. ನಾನು ಅವ್ವಾ ಅಂತೀನಿ, ಅಪ್ಪಾ ಅಂತೀನಿ, ಹೆಸರಿಡ್ದು ಕೂಗಾಕಿಲ್ಲ. ಕೂಗಿದ್ರೆ ಹೋಗೋರು ಹಿಂದಕ್ ತಿರುಗ್ತಾರೆ. ಹನ್ನೊಂದಾದ್ಮ್ಯಾಕೆ ಏನಾರ ಬರ್ಕೋ."

ಹಾಗಾಗಿ ಹನ್ನೊಂದು ದಿನದವರೆಗೆ ಫೈಲಿಗೆ ನಾಗವೇಣಿ ಹಾಡಿದವಳ ಹೆಸರನ್ನೇ ಇಡುತ್ತಿದ್ದಳು. ಪಿಳ್ಳಮ್ಮ, ಅಂಚೆಟ್ಟಿ. ಅಷ್ಟೇ. ಹನ್ನೆರಡನೆಯ ದಿನ ಬಲಗಡೆಗೆ ಹೋಗಿ ಆ ಹೆಸರನ್ನು ಅಳಿಸಿ ಸತ್ತವರ ಹೆಸರು ಬರೆಯುತ್ತಿದ್ದಳು. ಮೊದಲ ಸಲ ಕಳಿಸುವಾಗ ನಾಯಿ ಬೊಗಳಿದ್ದು, ಯಾರೋ ಕೆಮ್ಮಿದ್ದು ಎಲ್ಲ ಇರುತ್ತಿತ್ತು. ಅದನ್ನು ಕತ್ತರಿಸಿ ಚೊಕ್ಕಟ ಮಾಡಿ ಅದೇ ಹೆಸರಿನಲ್ಲಿ ಮತ್ತೆ ಕಳಿಸುವಳು. ಆಗ ಪರದೆ ಕೇಳುತ್ತಿತ್ತು: ಇದೇ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆ ಇದನ್ನು ಹಾಕಲೇ? ಹಾಕು ಎಂದು ಒತ್ತುವಳು. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಪ್ರಶ್ನೆ ಓದುವ ಮೊದಲೇ ಬೆರಳು ಉತ್ತರ ಕೊಡುವಷ್ಟು ರೂಢಿಯಾಗಿತ್ತು.

ಹನ್ನೊಂದು ದಿನದೊಳಗೆ ಪಿಳ್ಳಮ್ಮ ಎರಡು ಸಾವಿಗೆ ಹಾಡಿದ್ದು ಅಲ್ಲಿಯವರೆಗೆ ಆಗಿರಲಿಲ್ಲ.

ಮೊದಲನೆಯದು ಹಿಂದಿನ ಶುಕ್ರವಾರ. ಮೇಗಲಹಟ್ಟಿಯ ನರಸಮ್ಮ ಬೆಳಗಿನ ಜಾವ ತೀರಿಕೊಂಡಳು. ಪಿಳ್ಳಮ್ಮನ ಪಕ್ಕದ ಮನೆಯವರು ಫೋನು ಮಾಡಿದರು. ನಾಗವೇಣಿ ಮೊದಲ ಬಸ್ಸಿಗೆ ಹೊರಟಳು. ನರಸಮ್ಮನ ಮಗಳು ಸರಳಾ ಹೊಸೂರಿನಲ್ಲೇ ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಬೆಳಗಿನ ಶಿಫ್ಟು. ಒಳಗೆ ಹೋಗುವ ಮೊದಲು ಫೋನನ್ನು ಲಾಕರಿನಲ್ಲಿ ಇಟ್ಟು ಹೋಗುವುದು ಎಲ್ಲರಿಗೂ ಇರುವ ನಿಯಮ. ಅಣ್ಣ ಹದಿನೇಳು ಸಲ ಕರೆದ ಫೋನು ಕಬ್ಬಿಣದ ಪೆಟ್ಟಿಗೆಯೊಳಗೆ ಒಂದೇ ಸಮನೆ ನಡುಗಿ ನಡುಗಿ ಸುಮ್ಮನಾಯಿತು. ಶಿಫ್ಟು ಬಿಟ್ಟಮೇಲೆ ನೋಡಿ, ಬಸ್ಸು ಹತ್ತಿ, ಅಂಚೆಟ್ಟಿಯಲ್ಲಿ ಇಳಿದು, ಓಡುತ್ತಾ ನಡೆಯುತ್ತಾ ಬಂದಾಗ ಹೊತ್ತು ಮುಳುಗುತ್ತಿತ್ತು. ಮಣ್ಣು ಮುಚ್ಚಿ ನೀರು ಚಿಮುಕಿಸಿ ಎಲ್ಲರೂ ಹಿಂದಿರುಗುತ್ತಿದ್ದರು.

ಆ ದಾರಿಯಲ್ಲೇ ನಾಗವೇಣಿ ಅವಳನ್ನು ಕಂಡದ್ದು. ಕಾರ್ಖಾನೆಯ ನೀಲಿ ಅಂಗಿ, ಕೊರಳಲ್ಲಿ ಇನ್ನೂ ಗುರುತಿನ ಚೀಟಿ. ಹೆಂಗಸರು ಅವಳನ್ನು ತಬ್ಬಿಕೊಂಡು ಅತ್ತರು. ಒಬ್ಬಾಕೆ, "ಪಿಳ್ಳಜ್ಜಿ ಹಾಡ್ನಾಗೆ ನಿನ್ನೂ ತಂದ್ಲು ಕಣೇ," ಎಂದಳು. ಅದು ಕೇಳಿ ಸರಳಾಳ ಮುಖ ಕಲ್ಲಾಯಿತು.

ಗುಂಪು ಚದುರಿದ ಮೇಲೆ ಅವಳು ನಾಗವೇಣಿಯ ಹತ್ತಿರ ಬಂದಳು.

"ಅಕ್ಕಾ, ನೀನು ಹಾಡನ್ನ ಫೋನ್ನಲ್ಲಿ ಹಿಡ್ಕೊಂಡಿದೀಯಂತೆ."

"ಹೂಂ ಕಣವ್ವ. ಈಗ್ಲೇ ಕೇಳ್ತೀಯಾ?"

"ಬೇಡ. ಈಗ ಕೇಳಿದ್ರೆ ನಿಂತ್ಕೊಳಕ್ಕಾಗಲ್ಲ ನನ್ಗೆ. ಹನ್ನೊಂದರ ದಿನ ಆಗ್ಲಿ." ಸ್ವಲ್ಪ ತಡೆದು ಕೇಳಿದಳು: "ನನ್ನ ಬೈದ್ಳಾ ಅಜ್ಜಿ? ಅವ್ವನ ಬಾಯಾಗಿಂದ ಬೈಸಿದ್ಳಾ? ಬೇಡ, ಹೇಳ್ಬೇಡ. ಕೇಳ್ತೀನಿ. ನನ್ ಕಿವೀಲೇ ಕೇಳ್ಬೇಕು. ಬೈದಿದ್ರೂ ಕೇಳ್ಬೇಕು."

"ನನ್ ಹತ್ರ ಜ್ವಾಪಾನವಾಗಿರ್ತದೆ," ಎಂದಿದ್ದಳು ನಾಗವೇಣಿ.

ಶನಿವಾರ ಮಧ್ಯಾಹ್ನ ಅದನ್ನು ಕಳಿಸಿದಳು. ಚೊಕ್ಕಟ ಮಾಡಲು ಮೂರು ನಾಲ್ಕು ಸಲ ಕೇಳಿದಳು. ಹೊರಗೆ ಮಾದೇಶ ಯಾರಿಗೋ ಗಣಪತಿಯ ಚಿತ್ರ ಬಲಕ್ಕಿರಲೋ ಎಡಕ್ಕಿರಲೋ ಎಂದು ಕೇಳುತ್ತಿದ್ದ. ಅವಳ ಕಿವಿಯೊಳಗೆ ಪಿಳ್ಳಮ್ಮ ಉಸಿರೆಳೆದು, ಒಂದು ಗಳಿಗೆ ನಿಂತು, ಮತ್ತೆ ಮೇಲಕ್ಕೆ ಏರುತ್ತಿದ್ದಳು. ಆ ನಿಂತ ಗಳಿಗೆಯಲ್ಲಿ ಹೆಂಗಸರ ಬಳೆಗಳು ಮಾತ್ರ ಕೇಳಿಸುತ್ತಿದ್ದವು. ಸಂಜೆ ಎಡಗಡೆಯದನ್ನು ಅಳಿಸಿ ಮನೆಗೆ ಹೋದಳು.

ಎರಡನೆಯದು ಸೋಮವಾರ. ಕೆಳಗಲಹಟ್ಟಿಯ ಆವುಲಪ್ಪ. ಮತ್ತೆ ಮೊದಲ ಬಸ್ಸು, ಮತ್ತೆ ನಡಿಗೆ, ಮತ್ತೆ ಪಿಳ್ಳಮ್ಮ. "ಮದುವೆ ಕಾಲ್ದಾಗೆ ನೀನು ಸಾವಿಗೆ ರಜಾ ಹಾಕ್ತೀಯಲ್ಲಕ್ಕಾ," ಎಂದು ಮಾದೇಶ ಗೊಣಗಿದ್ದ. ಮಂಗಳವಾರ ಮಧ್ಯಾಹ್ನ ಕಳಿಸುವಾಗ ಎಂದಿನಂತೆ ಹೆಸರಿಟ್ಟಳು. ಪಿಳ್ಳಮ್ಮ, ಅಂಚೆಟ್ಟಿ. ಎಂದಿನಂತೆ ಪ್ರಶ್ನೆ ಬಂತು. ಬೆರಳು ಎಂದಿನಂತೆ ಉತ್ತರ ಕೊಟ್ಟಿತು. ಟಿಣ್.

ಗೊತ್ತಾದದ್ದು ಭಾನುವಾರ. ಲಗ್ನದ ತಿಂಗಳಾದ್ದರಿಂದ ಅಂಗಡಿ ತೆರೆದಿತ್ತು. ಬೆಳಗ್ಗೆ ಸರಳಾ ಫೋನು ಮಾಡಿದಳು, ಊರಿನಿಂದ.

"ಅಕ್ಕಾ, ನಾಳೆ ಹನ್ನೊಂದು. ಕಾರ್ಯ ಎಲ್ಲ ಆದ್ಮೇಲೆ ಕೇಳ್ತೀನಿ. ಇಲ್ಲಿ ಇಂಟರ್ನೆಟ್ ಬರಲ್ಲ, ನೀನೇ ಫೋನ್ನಲ್ಲಿ ಹಾಕ್ಕೊಂಡು ಬತ್ತೀಯಾ? ಊಟಕ್ಕೂ ಆಯ್ತದೆ."

"ಬತ್ತೀನಿ ಕಣವ್ವ."

ಊಟದ ಹೊತ್ತಿಗೆ ವೆಬ್‌ಸೈಟಿನ ಬಾಗಿಲು ತೆರೆದು ಬಲಗಡೆಯಿಂದ ಎಡಗಡೆಗೆ ಎಳೆದಳು. ಹಸಿರು ಗೆರೆ ತುಂಬಿತು. ಕಿವಿಗೆ ಹಾಕಿಕೊಂಡಳು. ಪಿಳ್ಳಮ್ಮ ಉಸಿರೆಳೆದಳು. "ಅಪ್ಪಾ," ಎಂದಳು.

ನಾಗವೇಣಿ ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಹಾಕಿದಳು. ಅಪ್ಪಾ. ಆವುಲಪ್ಪನ ಎತ್ತುಗಳು, ಆವುಲಪ್ಪನ ಕಂಬಳಿ, ಆವುಲಪ್ಪ ಆನೆಗೆ ಹೆದರದೆ ಕಾವಲು ಕಾದ ರಾಗಿ. ಬಲಗಡೆಯ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಬೆರಳಿಟ್ಟು ಓದಿದಳು. ಕೆಳಗಿಂದ ಮೇಲಕ್ಕೆ ಓದಿದಳು. ಪಿಳ್ಳಮ್ಮ, ಅಂಚೆಟ್ಟಿ ಎಂದು ಇದ್ದದ್ದು ಒಂದೇ.

ಪುಣೆಗೆ ಫೋನು ಮಾಡಿದಳು. ಭೈರೇಶ್ ಎಲ್ಲವನ್ನೂ ಕೇಳಿಸಿಕೊಂಡರು.

"ಮೇಲೆ ಬರೆದುಬಿಟ್ಟರೆ ಹಳೇದು ಉಳಿಯಲ್ಲ ನಾಗವೇಣಿಯವರೆ. ನಾವು ತಗೊಂಡಿರೋ ಜಾಗದಲ್ಲಿ ಹಳೇ ಪ್ರತಿ ಇಡೋ ಏರ್ಪಾಡು ಇಲ್ಲ. ನಿಮ್ಮ ಕಂಪ್ಯೂಟರಲ್ಲಿ ಒಂದು ಇರುತ್ತಲ್ಲ?"

"ಇಲ್ಲ ಸಾರ್."

"ಫೋನಲ್ಲಿ?"

"ಇಲ್ಲ ಸಾರ್."

ಒಂದು ಮಗು ಹಿಂದಿ ಮಾತಾಡುತ್ತಾ ಅವರ ಹತ್ತಿರದಲ್ಲೇ ಓಡಿದ್ದು ಕೇಳಿಸಿತು. "ಹೋಗ್ಲಿ ಬಿಡಿ," ಎಂದರು. "ಹಾಡು ಇನ್ನೂ ಸಿಗುತ್ತವೆ. ಮುಂದಿನ ಸಲದಿಂದ ಹೆಸರಿನ ಜೊತೆ ತಾರೀಕು ಹಾಕಿ."

ಡಬ್ಬಿ ತೆರೆಯದೆ ಹಾಗೇ ಇತ್ತು. ಮಾದೇಶ ಬಂದು ನೋಡಿದ.

"ಯಾಕಕ್ಕಾ ಉಣ್ಣಲಿಲ್ಲ?"

"ಮಾದೇಶ, ಆ ಶನಿವಾರ ಒಂದಿನ ನಿನ್ ಪೆಟ್ಟಿಗೆ ಮೈಲಿಗೆ ಆಗಿದ್ದಿದ್ರೆ ಏನಾಗ್ತಿತ್ತು?"

ಅವನಿಗೆ ಅರ್ಥವಾಗಲಿಲ್ಲ. ಅವಳ ಮುಖ ನೋಡಿ ತಮಾಷೆ ಮಾಡಲೂ ಆಗಲಿಲ್ಲ. "ಟೀ ತರ್ಲಾ?" ಎಂದ.

ಸೋಮವಾರ ಬೆಳಗ್ಗೆ ಬಸ್ಸಿನ ಕಂಡಕ್ಟರು, "ಅಂಚೆಟ್ಟಿ, ಅಂಚೆಟ್ಟಿ! ಏರುಂಗಮ್ಮಾ, ಏರುಂಗ," ಎಂದು ತಮಿಳಿನಲ್ಲಿ ಕೂಗಿ ಜನರನ್ನು ಹತ್ತಿಸುವಾಗ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಊರು ಕಳೆದು, ಕಲ್ಲುಗುಡ್ಡಗಳು ಬಂದು, ರಸ್ತೆ ಕಾಡಿನೊಳಗೆ ಇಳಿಯಿತು. ಅವಳ ತುಟಿ ಅಲುಗುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ದೇವರ ನಾಮ ಎಂದುಕೊಂಡು ಕೈಮುಗಿದಳು.

ಅಂಚೆಟ್ಟಿಯಲ್ಲಿ ಇಳಿದು ನಡೆದು, ಮೊದಲು ಹೋದದ್ದು ಪಿಳ್ಳಮ್ಮನ ಮನೆಗೆ. ಮುದುಕಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾಗವೇಣಿ ನಿಂತೇ ಹೇಳಿಕೊಂಡಳು. ಹೊಳೆ, ದಡ, ಮೇಲೆ ಹಾಕಿದ್ದು, ಎಲ್ಲ. ಪಿಳ್ಳಮ್ಮನಿಗೆ ಎಷ್ಟು ತಿಳಿಯಿತೋ, ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುತ್ತಲೇ ಇದ್ದಳು.

"ಒಬ್ರ ಗುಂಡೀಲಿ ಇನ್ನೊಬ್ರನ್ನ ಹೂತ್ಬುಟ್ಟೆ ಅನ್ನು."

"ಅಂಗೇ ಆಯ್ತವ್ವ. ಇನ್ನೊಂದ್ಸಲ ಹಾಡ್ತೀಯಾ? ಆ ಹುಡ್ಗಿಗೋಸ್ಕರ."

"ಏನಂತ ಹಾಡ್ಲಿ?"

"ಆವತ್ ಹಾಡಿದ್ದೇಯ."

"ನನ್ಗೆಲ್ಲಿ ಗೆಪ್ತಿ ಇರ್ತದೆ ತಾಯಿ. ಹೆಣ ನೋಡ್ದಾಗ ಬತ್ತದೆ. ಹೆಣ ಎತ್ತಿದ್ಮ್ಯಾಕೆ ಅದ್ರ ಜತೇಲೆ ಹೋಯ್ತದೆ. ಹಾಡ್ದೋಳ್ಗೆ ಉಳಿಯಾಕಿಲ್ಲ. ಉಳಿದ್ರೆ ನಾನು ಇಷ್ಟ್ ವರ್ಷ ಬದುಕ್ತಿದ್ನಾ?" ಒಂದು ಕಾಯನ್ನು ಬಿಡಿಸಿ, ಹುಳು ಕಂಡು ಎಸೆದಳು. "ಈಗ ಹೊಸ್ದಾಗಿ ಕಟ್ಟಿ ಹಾಡಿದ್ರೆ ಅದು ನರಸಿ ಹಾಡಾಗಾಕಿಲ್ಲ. ಸುಳ್ಳಾಯ್ತದೆ."

ನಾಗವೇಣಿ ಜಗಲಿಯ ಅಂಚಿಗೆ ಕೂತಳು. ಕೂತವಳ ಕೈ ತಾನಾಗಿ ಒಂದು ಕಾಯನ್ನು ಎತ್ತಿಕೊಂಡಿತು. ಇಬ್ಬರೂ ಸ್ವಲ್ಪ ಹೊತ್ತು ಸುಲಿದರು.

"ನೀನು ಎಷ್ಟು ದಪ ಕೇಳ್ದೆ?" ಎಂದಳು ಪಿಳ್ಳಮ್ಮ.

"ಹತ್ರ ಕೂತು ಒಂದ್ಸಲ. ಕಿವೀಗೆ ಹಾಕ್ಕೊಂಡು ಮೂರ್ನಾಕು ಸಲ."

"ಗೆಪ್ತಿ ಐತಾ?"

ನಾಗವೇಣಿ ಹೂಂ ಎಂದು ತಲೆಯಾಡಿಸಿದಳು. ಬಸ್ಸಿನಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಹೇಳಿಕೊಂಡಿದ್ದಳು. ಒಂದು ಪದವೂ ತಪ್ಪಿರಲಿಲ್ಲ. ಉಸಿರು ನಿಲ್ಲುವ ಜಾಗವೂ, ಬಳೆ ಅಲುಗಿದ ಜಾಗವೂ ತಪ್ಪಿರಲಿಲ್ಲ.

"ಹೇಳು ಮತ್ತೆ ಆ ಹುಡ್ಗೀಗೆ."

"ನನ್ ಬಾಯಲ್ಲಿ ಬರಲ್ಲವ್ವ. ನಾನು ಯಾವತ್ತೂ ಹಾಡಿಲ್ಲ. ನನ್ ಗಂಡ ಸತ್ತಾಗ್ಲೂ..." ಅಲ್ಲಿಗೆ ನಿಲ್ಲಿಸಿದಳು.

ಪಿಳ್ಳಮ್ಮ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮೂರು ವರ್ಷದಿಂದ ತನ್ನ ಎದುರು ಫೋನು ಹಿಡಿದು ಕೂರುತ್ತಿದ್ದ ಈ ಹೆಂಗಸು ಯಾವ ಸಾವಿನಲ್ಲೂ ಅತ್ತದ್ದನ್ನು ಕಂಡಿಲ್ಲವೆಂದು ಆಗ ಹೊಳೆದಿರಬೇಕು.

"ಒಂದ್ ಮಾತು," ಎಂದಳು. "ಮನೆ ಒಳಗೆ ಹಾಡ್ಬ್ಯಾಡ. ಹನ್ನೊಂದು ಮುಗ್ದು ಮನೆ ತೊಳ್ದವ್ರೆ. ಸಾವಿಲ್ದಿದ್ ಮನೇಲಿ ಸಾವಿನ್ ಹಾಡು ಹಾಡಿದ್ರೆ ಕರ್ದಂಗಾಯ್ತದೆ. ಹಾಡ್ಲೇಬೇಕು ಅಂದ್ರೆ ಊರ ಗಡಿಕಲ್ಲು ದಾಟ್ಬೇಕು. ಅಲ್ಲಿಂದಾಚೆ ಯಾರ್ ಏನ್ ಹಾಡಿದ್ರೂ ಕೇಳೋರಿಲ್ಲ."

ನರಸಮ್ಮನ ಮನೆಯಲ್ಲಿ ಎಡೆ ಹಾಕಿ ಊಟ ಮುಗಿದಿತ್ತು. ಅಂಗಳದಲ್ಲಿ ಎಲೆ ಎತ್ತುತ್ತಿದ್ದರು. ಸಗಣಿ ಸಾರಿಸಿದ ನೆಲ ಇನ್ನೂ ಹಸಿ. ಸರಳಾ ನಾಗವೇಣಿಯನ್ನು ಕಂಡವಳೇ ಕೈ ಒರೆಸಿಕೊಂಡು ಬಂದು, ಊಟಕ್ಕೆ ಕೂರಿಸಿ, ತಾನೇ ಬಡಿಸಿ, ತಿಂದು ಮುಗಿಯುವವರೆಗೂ ಎದುರಿಗೆ ಕೂತಿದ್ದಳು. ಕಣ್ಣು ಮಾತ್ರ ನಾಗವೇಣಿಯ ಚೀಲದ ಮೇಲಿತ್ತು. ಆಮೇಲೆ ಜಗಲಿಯ ಮೂಲೆಗೆ ಕರೆದುಕೊಂಡು ಹೋದಳು. ಹೊಸ ಇಯರ್‌ಫೋನು ತಂದಿದ್ದಳು. ಅದರ ಡಬ್ಬಿ ಕೂಡ ಒಡೆದಿರಲಿಲ್ಲ.

"ಅಣ್ಣಂಗೆ ಕೇಳಿಸ್ಬಾರ್ದು ಅಂತ ತಂದೆ. ಹಾಕು ಅಕ್ಕಾ."

"ಇಲ್ಲ ಕಣೇ ಸರಳಾ."

"ಏನಿಲ್ಲ?"

"ಹಾಡು ಇಲ್ಲ. ನಾನು ಕಳ್ಕೊಂಬಿಟ್ಟೆ."

ಸರಳಾ ನಕ್ಕಳು, ಸುಳ್ಳು ಹೇಳುತ್ತಿದ್ದಾಳೆ ಎಂಬಂತೆ. ನಾಗವೇಣಿ ಹೇಳಿದಳು. ಯಾವ ನೆಪವನ್ನೂ ಹೇಳಲಿಲ್ಲ. ಅಂಗಡಿಯ ಕಟ್ಟಳೆ, ಪಿಳ್ಳಮ್ಮನ ಕಟ್ಟಳೆ ಎಂದು ಯಾರ ಮೇಲೂ ಹಾಕಲಿಲ್ಲ. "ಅದೇ ಹೆಸರಿಂದು ಇದೆ ಅಂತ ಕೇಳ್ತು, ನಾನು ಓದ್ದಂಗೆ ಹಾಕು ಅಂದೆ," ಎಂದಳಷ್ಟೆ.

ಸರಳಾ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಳು.

"ಜ್ವಾಪಾನವಾಗಿರ್ತದೆ ಅಂದಿದ್ದೆ."

"ಅಂದಿದ್ದೆ."

"ನಾನು ಆವತ್ತೇ ಕೇಳ್ಬೋದಾಗಿತ್ತು. ಫೋನು ನಿನ್ ಕೈಯಾಗೇ ಇತ್ತು."

"ಹೂಂ."

"ಹೂಂ ಅಂತೀಯಲ್ಲ." ಅವಳ ದನಿ ಏರಿತು, ಒಳಗೆ ಅಣ್ಣ ಇದ್ದಾನೆಂದು ಮತ್ತೆ ಇಳಿಯಿತು. "ಈಗ ಊರೆಲ್ಲ ಹೇಳ್ತದೆ, ಅಜ್ಜಿ ನಿನ್ನ ಹಾಡ್ನಾಗೆ ತಂದ್ಲು, ನಿನ್ನ ಹಾಡ್ನಾಗೆ ತಂದ್ಲು ಅಂತ. ಏನಂದ್ಲು ಅಂದ್ರೆ ಒಬ್ರಿಗೂ ಗೆಪ್ತಿ ಇಲ್ಲ. ಏನೋ ಅಂದ್ಲಮ್ಮ ಅಂತಾರೆ. ಹನ್ನೊಂದು ದಿನ ನಾನು ಅದೊಂದನ್ನೇ ಕಾದಿದೀನಿ ಅಕ್ಕಾ. ಅವ್ವ ನನ್ನ ಬೈಕೊಂಡು ಹೋದ್ಳಾ ಇಲ್ವಾ, ಅಷ್ಟೇ."

"ಬೈಲಿಲ್ಲ."

"ನಿನ್ಗೆ ಹೆಂಗೆ ಗೊತ್ತು?"

"ನಾನು ಕೇಳಿದೀನಿ. ಅದ್ರಲ್ಲಿ ಒಂದು ಮಾತು ಬತ್ತದೆ. ಮಗಳ್ನ ಯಾರೂ ಬೈಬ್ಯಾಡಿ. ದಿನಕ್ಕೆ ನೂರು ಗಡಿಯಾರ ಕಟ್ಟೋ ಮಗಳು, ಅವಳ ಒತ್ತು ಅವಳ ಕೈಲಿಲ್ಲ. ಅಂಗಂತ."

ಜಗಲಿಯ ಮೇಲೆ ಆ ಮಾತು ಬಡವಾಗಿ ಬಿತ್ತು. ಹೇಳಿದವಳಿಗೇ ಅದು ತಾನು ಕೇಳಿದ ಮಾತೆಂದು ಅನ್ನಿಸಲಿಲ್ಲ. ರಾಗವಿಲ್ಲದೆ, ಉಸಿರಿಲ್ಲದೆ, ಲಗ್ನಪತ್ರಿಕೆಯ ಸಾಲನ್ನು ಗಿರಾಕಿಗೆ ಓದಿ ಹೇಳಿದ ಹಾಗೆ ಇತ್ತು.

ಸರಳಾ ಅವಳ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿ ಕಟ್ಟಿದೀಯ," ಎಂದಳು.

"ನಾನು ಕಟ್ಟಿದ್ದಲ್ಲ ಕಣೇ."

"ಕಳ್ದಾಕ್ದೋಳು ನೀನು. ಸಮಾಧಾನಕ್ಕೆ ಏನಾರ ಹೇಳ್ಬೇಕಲ್ಲ, ಹೇಳ್ತಿದೀಯ. ನಾನು ನಿನ್ ಜಾಗದಾಗಿದ್ರೆ ನಾನೂ ಇಂಥದ್ದೇ ಹೇಳ್ತಿದ್ದೆ. ನನ್ಗೆ ಸಮಾಧಾನ ಬೇಡ ಅಕ್ಕಾ. ಎಲ್ಲಾರೂ ಹನ್ನೊಂದು ದಿನದಿಂದ ಅದ್ನೇ ಕೊಡ್ತಾವ್ರೆ. ಅಜ್ಜಿ ಬಾಯಾಗೆ ಬಂದದ್ದು ಬೇಕಾಗಿತ್ತು."

ನಾಗವೇಣಿ ಏನೋ ಹೇಳಲು ಬಾಯಿ ತೆರೆದಳು. ಎಂಟು ವರ್ಷದ ಹಿಂದೆ ಸಾಲುಮನೆಯ ನೆಲದ ಮೇಲೆ, ಅರ್ಧ ಕಟ್ಟಿದ ಶೂ ದಾರವನ್ನು ನೋಡುತ್ತಾ ಕೂತಾಗ ಹೊರಗೆ ಬಾರದ ಅಳು ಇನ್ನೂ ಒಳಗೇ ಇತ್ತು. ಈಗ ಅದು ಅಲುಗಿತು. ಪಿಳ್ಳಮ್ಮ ಏರುವ ಮೊದಲು ಎಳೆಯುವಂಥ ಒಂದು ಉಸಿರು ತಾನಾಗಿ ಒಳಗೆ ಬಂತು. ಅವಳು ಗಾಬರಿಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾರಿಸಿದ ನೆಲ. ತೊಳೆದ ಮನೆ. ಒಳಗೆ ನರಸಮ್ಮನ ಮೊಮ್ಮಕ್ಕಳು ಪಾಯಸಕ್ಕೆ ಜಗಳವಾಡುತ್ತಿದ್ದರು.

"ನಿನ್ಗೇನು, ನಿನ್ ಪೆಟ್ಟಿಗ್ಗೆ ಇನ್ನೊಂದು ಹಾಡು ಸಿಗ್ತದೆ," ಎನ್ನುತ್ತಿದ್ದಳು ಸರಳಾ. "ನನ್ಗೆ ಇನ್ನೊಬ್ಳು ಅವ್ವ ಸಿಕ್ತಾಳಾ? ಒಂದು ಬೆರಳು ತಡೆದು ಓದಿದ್ದಿದ್ರೆ..."

ನಾಗವೇಣಿ ಎದ್ದಳು. ಚೀಲವನ್ನು ಜಗಲಿಯ ಮೇಲೇ ಬಿಟ್ಟಳು. ಮೆಟ್ಟಿಲಿಳಿದು, ಎಲೆ ಎತ್ತುತ್ತಿದ್ದವರ ನಡುವೆ ದಾಟಿ, ಅಂಗಳ ಬಿಟ್ಟು ದಾರಿಗೆ ಬಂದಳು. ಬಸ್ಸಿನ ಕಡೆಗೆ ಹೋಗುವ ದಾರಿ ಬಲಕ್ಕಿತ್ತು. ಅವಳು ಎಡಕ್ಕೆ ತಿರುಗಿದಳು. ಅಲ್ಲಿ ಹೊಲಗಳು ಮುಗಿಯುವಲ್ಲಿ, ಕುಂಕುಮ ಮಾಸಿದ ಗಡಿಕಲ್ಲು ಒಂದು ಮೊಳ ಎತ್ತರಕ್ಕೆ ನಿಂತಿತ್ತು. ಅದರಾಚೆ ಬರಿಯ ಬಂಡೆ, ಲಂಟಾನದ ಪೊದೆ, ಕಾಡು.

"ಎಲ್ಲಿಗೆ ಹೊಂಟೆ? ಅಕ್ಕಾ!" ಹಿಂದಿನಿಂದ ಸರಳಾ ಜಗಲಿಯಿಂದ ಇಳಿದು ಕೂಗುತ್ತಿದ್ದಳು. "ಚೀಲ ಇಲ್ಲೇ ಬಿಟ್ಟಿದೀಯ! ನಾನಿನ್ನೂ ಮಾತಾಡ್ತಾ ಇದೀನಿ, ನಿಂತ್ಕೋ!"

ನಾಗವೇಣಿ ತಿರುಗಲಿಲ್ಲ. ಬಾಯಿಗೆ ಒತ್ತಿದ ಸೆರಗನ್ನು ಬಿಡದೆ, ತುಂಬಿದ ಕೊಡ ಹೊತ್ತವಳ ಹಾಗೆ, ಒಳಗಿನ ಹಾಡು ತುಳುಕದಂತೆ, ಬಿರಬಿರನೆ ಕಲ್ಲಿನ ಕಡೆಗೆ ನಡೆದಳು.